ವೈಟಿಂಗ್ ಮೀನಿಗೆ ಲೂರ್ ಎಳೆಯುವಾಗ ನಿಲ್ಲಿಸಬೇಡಿ

ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಅಳಿವೆಗಳಲ್ಲಿ ಮೊಣಕಾಲುದ್ದದ ನೀರಿಗಿಳಿದು, ಮರಳಿನ ಹರವಿನ ಮೇಲೆ ತೇಲುವ ಲೂರ್‌ನಿಂದ (ಗಾಳ ಕಟ್ಟಿದ ಕೃತಕ ಆಮಿಷದಿಂದ) ವೈಟಿಂಗ್ ಎಂಬ ಕರಾವಳಿ ಮೀನು ಹಿಡಿಯುವವರು, ಎಸೆದ ಕ್ಷಣದಿಂದ ಕಾಲಬಳಿ ಬರುವವರೆಗೂ ಅದನ್ನು ಒಮ್ಮೆಯೂ ನಿಲ್ಲಿಸದೆ ಎಳೆಯಬೇಕು. ಸೂಳೆಕೆರೆಯ ಜೊಂಡಿನಂಚಿನಲ್ಲಿ ಕೊರವ ಮೀನಿಗೆ ರಬ್ಬರ್ ಕಪ್ಪೆಯನ್ನು ತಡೆತಡೆದು ಎಳೆದು ಪಳಗಿರುವ ನಮ್ಮ ದಾವಣಗೆರೆಯ ಕೈಗಳಿಗೆ ಇದೇ ಕಷ್ಟದ ಭಾಗ; ಮಕ್ಕಳನ್ನು ನೋಡಲು ಆ ದೇಶಕ್ಕೆ ಹೋಗುವ ಗೆಳೆಯರು ಮೊದಲು ಬಿಡಬೇಕಾದ ಅಭ್ಯಾಸವೂ ಇದೇ. ನೀರಿನ ಮೇಲೆ ಚಿಮ್ಮುತ್ತ ಸಾಗುವ ಲೂರ್ ವೈಟಿಂಗ್‌ಗೆ ಜೀವಭಯದಿಂದ ಓಡುವ ಸಿಗಡಿಯಂತೆ ಕಾಣುವುದರಿಂದ ಅದು ಗುಂಪಾಗಿ ಅಟ್ಟಿಸಿಕೊಂಡು ಬರುತ್ತದೆ, ಆದರೆ ಸಿಗಡಿ ನಿಂತಂತೆ ಕಂಡೊಡನೆ ಸಾಮಾನ್ಯವಾಗಿ ಆಸಕ್ತಿ ಕಳೆದುಕೊಳ್ಳುತ್ತದೆ. ಕಚ್ಚು ತಪ್ಪಿದರೂ ಕೋಲನ್ನು ಜಗ್ಗದೆ ಅದೇ ವೇಗದಲ್ಲಿ ಎಳೆಯುತ್ತಿದ್ದರೆ ಅದೇ ಮೀನೋ ಪಕ್ಕದ್ದೋ ಮತ್ತೆ ಎರಗುವ ಸಂಭವ ಹೆಚ್ಚು. ಬಾಯಿ ಚಿಕ್ಕದಾದ್ದರಿಂದ 5ರಿಂದ 7 ಸೆಂ.ಮೀ. ಉದ್ದದ ಲೂರ್ ಮತ್ತು ತೆಳುವಾದ, ಹರಿತವಾದ ಗಾಳಗಳು ಸಾಕು. ಏರುವ ಭರತ ಮತ್ತು ಗಾಳಿಯೆಬ್ಬಿಸಿದ ಕಿರುಅಲೆಗಳು ಜೊತೆಗಿದ್ದಾಗ ಈ ಉಪಾಯ ಚೆನ್ನಾಗಿ ಫಲಿಸುತ್ತದೆ. ನೀರು ಕನ್ನಡಿಯಂತೆ ನಿಶ್ಚಲವಾಗಿದ್ದರೆ ಮೀನು ಹಿಂಬಾಲಿಸಿದರೂ ಕಚ್ಚಲು ಹಿಂಜರಿಯುತ್ತದೆ, ಆಳದ ನೀರಿನಲ್ಲಂತೂ ಇದನ್ನು ನೆಚ್ಚಿಕೊಳ್ಳಬಾರದು. ಮರಳಿನಲ್ಲಿ ಹುದುಗಿರುವ ತೊರಕೆ (ಸ್ಟಿಂಗ್‌ರೇ) ಮೀನಿನ ಬಾಲದ ಮುಳ್ಳು ಬಹಳ ಅಪಾಯಕಾರಿಯಾದ್ದರಿಂದ, ದಯವಿಟ್ಟು ಪಾದಗಳನ್ನು ಎತ್ತಿಡದೆ ಎಳೆಯುತ್ತಲೇ ನಡೆಯಿರಿ.