ಮನವಿ ಕೊಡೋದು ಬಿಟ್ಟೆ, ಪ್ರಶ್ನೆನ ಬರದ್ ಕೊಟ್ಟೆ: ಬೆಳಿವಿಮೆಯಾಗ ನನ್ನ ಅನುಭವ

"ನಿನ್ನ ಹೊಲದ ವಿಮೆ ಬಗ್ಗೆ ಪಾರ್ಲಿಮೆಂಟ್‌ನಾಗ ಕೇಳ್ತಾರೇನ್ಲೇ" ಅಂತ ನಕ್ಕವ್ರ ಈಗ ಫೋನ್ ಹಚ್ಚಿ "ಆ ಡ್ರಾಫ್ಟ್ ಒಂಚೂರು ಕಳಸ್ರಿ" ಅನ್ನಾಕತ್ತಾರ, ಅದಕ್ಕ ನಮ್ಮ ಬೆಳಿವಿಮೆ ಬಗ್ಗೆ ಎಂಪಿ ಕೈಲೆ ಪಾರ್ಲಿಮೆಂಟ್‌ನಾಗ ಪ್ರಶ್ನೆ ಕೇಳ್ಸಿದ್ದು ಹೆಂಗ ಅಂತ ಒಮ್ಮೆ ಬರದ ಹಾಕಿಬಿಡ್ತೀನಿ. ಆರ್‌ಟಿಐ (ಮಾಹಿತಿ ಹಕ್ಕಿನ ಅರ್ಜಿ), ಸಂರಕ್ಷಣೆ ಪೋರ್ಟಲ್ (ರಾಜ್ಯದ ಬೆಳಿವಿಮೆ ವೆಬ್‌ಸೈಟ್), ಬೆಳಿ ಸಮೀಕ್ಷೆ (ಯಾರ ಹೊಲದಾಗ ಏನ್ ಬೆಳದೈತಿ ಅಂತ ಸರ್ಕಾರ ದಾಖಲ್ ಮಾಡೋದು) ಇವನ್ನ ಇಲ್ಲಿ ಹೆಚ್ಚು ಹೇಳಾಂಗಿಲ್ಲ.

ನಮ್ದು ಶಿಗ್ಗಾವಿ ತಾಲೂಕು. ಗೋವಿನಜೋಳಕ್ಕ ವಿಮೆ ತುಂಬಿದ್ವಿ, ಸಮೀಕ್ಷೆಯಾಗ ಸೋಯಾಬೀನ್ ಅಂತ ಏರ್ಸಿದ್ರು, ಬೆಳಿ ಹೊಂದಾಣಿಕಿ ಆಗಿಲ್ಲ ಅಂತ ಕಂಪನಿ ಅರ್ಜಿ ತಿರಸ್ಕಾರ ಮಾಡ್ತು. ನಮ್ಮೂರಾಗ ಹಿಂಗ ಸಿಕ್ಕೊಂಡವ್ರು ಐವತ್ತು ಅರವತ್ತು ಮಂದಿ. ಮೊದಲ ಧರಣಿ ಕುಂತ್ವಿ, ಪೆಂಡಾಲ್ ಬಾಡಿಗಿ, ಮೈಕು, ಚಾ, ಮಂಡಕ್ಕಿ ಎಲ್ಲಾ ಕೂಡಿ ಇಪ್ಪತ್ ಸಾವಿರದ ಹತ್ರ ಹೋತು. ಆಮ್ಯಾಲ ನಾಕ್ ಮಂದಿ ಹುಬ್ಬಳ್ಳಿಯಿಂದ ರೈಲ್ ಹತ್ತಿ ದಿಲ್ಲಿಗೆ ಹೋದ್ವಿ, ಪಹಾಡ್‌ಗಂಜ್‌ನಾಗ ಲಾಡ್ಜ್, ಆಟೋ, ಊಟ ಹಿಡದು ಮೂವತ್ತೈದು ಸಾವಿರ ಅನ್ರಿ. ಸಿಕ್ಕದ್ದೇನು? ಶಾಲು ಹೊದಿಸಿದ ಫೋಟೋ, ಮನವಿ ಮ್ಯಾಲ ಒಂದ್ ಸೀಲು.

ಇಲ್ಲೊಂದು ಮಜಾ ಐತಿ. ಶಿಗ್ಗಾವಿ ಹಾವೇರಿ ಜಿಲ್ಲೆ ಖರೆ, ಆದ್ರ ಲೋಕಸಭಾಕ್ಕ ನಾವು ಧಾರವಾಡ ಕ್ಷೇತ್ರ. ನಮ್ಮ ಎಂಪಿ ಪ್ರಲ್ಹಾದ ಜೋಶಿಯವ್ರು ಕೇಂದ್ರ ಮಂತ್ರಿ. ಮಂತ್ರಿ ಆದವ್ರು ಸದನದಾಗ ಉತ್ತರ ಕೊಡ್ತಾರ, ಪ್ರಶ್ನೆ ಕೇಳಾಂಗಿಲ್ಲ. ಅಂದ್ರ ನಮ್ಮ ಪ್ರಶ್ನೆ ಕೇಳಾಕ ಬ್ಯಾರೆ ಕ್ಷೇತ್ರದವ್ರನ್ನ ಹುಡುಕ್ಬೇಕು. ಇದನ್ನ ಯಾವ ಸಂಘಟನಿಯವ್ರೂ ನಮಗ ಹೇಳಿದ್ದಿಲ್ಲ ನೋಡ್ರಿ.

ಸಂಸದ್ ವೆಬ್‌ಸೈಟ್‌ನಾಗ ಪ್ರತಿ ಎಂಪಿ ಹಿಂದ ಏನೇನು ಕೇಳ್ಯಾರ ಅನ್ನೋದು ಪೂರಾ ಇರ್ತೈತಿ. ರಾತ್ರಿ ಕುಂತು ಬೆಳಿವಿಮೆ ಬಗ್ಗೆ ಮತ್ತ ಮತ್ತ ಕೇಳಿದವ್ರ ಪಟ್ಟಿ ಮಾಡ್ದೆ, ಅದ್ರಾಗ ಕೃಷಿ ಸ್ಥಾಯಿ ಸಮಿತಿಯಾಗ ಇದ್ದವ್ರನ್ನ ಮ್ಯಾಲ ಇಟ್ಟೆ (ಕೃಷಿ ಇಲಾಖೆ ಕೆಲಸ ಪರಿಶೀಲಿಸೋ ಎಂಪಿಗಳ ಸಮಿತಿ). ಆರೇಳು ಮಂದಿಗೆ ಮೇಲ್ ಹಾಕ್ದೆ, ಮಹಾರಾಷ್ಟ್ರದ ಒಬ್ರ ಪಿಎ ಉತ್ತರ ಕೊಟ್ಟ. ಪಿಎಗೆ ಯಾವಾಗ ಫೋನ್ ಮಾಡ್ಬೇಕು, ಮೇಲ್‌ನ ಮೊದಲ್ನೇ ಸಾಲಿನಾಗ ಏನ್ ಬರೀಬೇಕು, ಅದು ನನ್ನ ಕಡೇನ ಇರ್ಲಿ ಬಿಡ್ರಿ.

ಪ್ರಶ್ನೆ 150 ಶಬ್ದ ದಾಟಬಾರ್ದು, ಇಂಗ್ಲಿಷ್ ಇಲ್ಲಾ ಹಿಂದಿ. ವಾದ, ವ್ಯಂಗ್ಯ, ಬೈಗುಳ ನಡೆಯಂಗಿಲ್ಲ. ನಮ್ಮ ಹುಡುಗ್ರು ಬರದಿದ್ದು "ರೈತರ ಹೊಟ್ಟೆ ಮೇಲೆ ಹೊಡೆದ ಕಂಪನಿಗಳಿಗೆ ಸರ್ಕಾರದ ಬೆಂಬಲ ಏಕೆ", ಎಲ್ಲಾ ಕಿತ್ತಿ ಒಗದೆ. ನಾ ಬರದಿದ್ದು ಸಪ್ಪಗ ಇತ್ತು: ಹಾವೇರಿ, ಗದಗ ಜಿಲ್ಲೆಗಳಾಗ ಬೆಳಿ ಹೊಂದಾಣಿಕಿ ಇಲ್ಲಂತ ತಿರಸ್ಕಾರ ಆದ ಅರ್ಜಿ ಎಷ್ಟು, ಮರುಪರಿಶೀಲನೆಗೆ ಏನ್ ವ್ಯವಸ್ಥಾ ಐತಿ, ಪರಿಹಾರ ತಡ ಆದ್ರ ಕಂಪನಿ ಕೊಡ್ಬೇಕಾದ 12% ಬಡ್ಡಿ ಎಷ್ಟು ಮಂದಿಗೆ ಕೊಟ್ಟೈತಿ. ಅಷ್ಟ. ಎಂಪಿಗೆ ತಿದ್ದೋ ಕೆಲಸಾನ ಇರಬಾರ್ದು.

ಅಷ್ಟಾದ್ರೂ ಸುಸೂತ್ರ ಆಗ್ಲಿಲ್ಲ. ನೋಟಿಸ್ 15 ದಿನ ಪೂರಾ ಮೊದಲ ಹೋಗ್ಬೇಕು, ಆಮ್ಯಾಲ ಬ್ಯಾಲಟ್, ಅಂದ್ರ ಯಾರ ಪ್ರಶ್ನೆ ಮೊದಲು ಅಂತ ಚೀಟಿ ಎತ್ತಿದಂಗ ಸರದಿ ಹಚ್ಚೋದು. ಒಂದ್ಸಲ ಬ್ಯಾಲಟ್‌ನಾಗ ಕೆಳಗ ಬಿತ್ತು, ಇನ್ನೊಮ್ಮೆ ವಿಮೆ ಕಂಪನಿ ಆಯ್ಕೆ ಬಗ್ಗೆನೂ ಒಂದ್ ಭಾಗ ಸೇರ್ಸಿದ್ದೆ, ಅದು ರಾಜ್ಯದ ಟೆಂಡರ್, ಕೇಂದ್ರದ್ದಲ್ಲ ಅನ್ನೋ ಕಾರಣಕ್ಕ ತಿರಸ್ಕಾರ ಆತು, ಆ ಭಾಗ ತಗದು ಮತ್ತ ಕಳಸ್ದೆ. ಗೆಳೆಯರೆಲ್ಲ ಚುಕ್ಕೆ ಗುರುತಿಂದ (ಮಂತ್ರಿ ಸದನದಾಗ ಬಾಯಿಂದ ಉತ್ತರ ಕೊಡೋ ಪ್ರಶ್ನೆ) ಹಾಕು, ಟಿವಿಯಾಗ ಬರ್ತೈತಿ ಅಂದ್ರು. ದಿನಕ್ಕ ಚುಕ್ಕೆ ಗುರುತಿನವು ಬರೇ 20, ಬಾಯಿಂದ ಉತ್ತರ ಬರೋದು ನಾಕೈದಕ್ಕ, ಅದೂ ಗದ್ದಲ ಇಲ್ದಿದ್ರ. ಚುಕ್ಕೆ ರಹಿತ (ಬರೇ ಬರಹದಾಗ ಉತ್ತರ ಬರೋವು) 230, ಹನ್ನೊಂದ್ ಗಂಟೆಗೆ ಸದನ ಎದ್ದು ಹೋದ್ರೂ ಲಿಖಿತ ಉತ್ತರ ಮೇಜಿನ ಮ್ಯಾಲ ಬಂದ ಬರ್ತೈತಿ. ನನಗ ಬೇಕಾಗಿದ್ದು ಕಾಗದ, ಟಿವಿ ಅಲ್ಲ.

ಪ್ರಶ್ನೆ ಸದನದ ಪಟ್ಟಿಗೆ ಬಂತು ನೋಡ್ರಿ, ವರ್ಷಗಟ್ಟಲೆ "ಸಾಹೇಬ್ರು ಮೀಟಿಂಗ್‌ನಾಗ ಅದಾರ" ಅಂತಿದ್ದ ಆಫೀಸಿನಿಂದಾನ ಫೋನ್, "ನಿಮ್ಮ ಅರ್ಜಿ ನಂಬರ್ ವಾಟ್ಸಾಪ್ ಮಾಡ್ರಿ, ಪಾರ್ಲಿಮೆಂಟ್ ಕ್ವೆಶ್ಚನ್ ಬಂದೈತಿ, ಸಂಜಿ ಒಳಗ ಕಳಸ್ಬೇಕು." ದಿಲ್ಲಿಯಿಂದ ಬೆಂಗ್ಳೂರು, ಬೆಂಗ್ಳೂರಿನಿಂದ ಜಿಲ್ಲಾ, ಅಲ್ಲಿಂದ ತಾಲೂಕು, ಎಲ್ಲಾರೂ ಒಂದ ದಿನ ಫೈಲ್ ತಗದ್ರು. ಆರ್‌ಟಿಐ ಹಾಕಿ ಮೂವತ್ ದಿನ ಕಾದಾಗೂ ಹಿಂಗ ಅಲುಗಾಡಿದ್ದಿಲ್ಲ.

ಉತ್ತರದಾಗ ನಮ್ಮ ಮೊದಲ್ನೇ ಭಾಗಕ್ಕ "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು" ಅಂತ ಇತ್ತು. ಹುಡುಗ್ರು "ಮುಗೀತು, ಹಾರಿಕಿ ಉತ್ತರ" ಅಂದ್ರು. ನಾ ಪೇಢಾ ತರ್ಸಿದೆ. ಆ ವಾಕ್ಯ ಬಂತಂದ್ರ ಅದು ಆಶ್ವಾಸನೆ ಲೆಕ್ಕ, ಮೂರು ತಿಂಗಳಾಗ ಈಡೇರಿಸ್ಬೇಕು, ಇಲ್ಲಾಂದ್ರ ಸರ್ಕಾರಿ ಭರವಸೆಗಳ ಸಮಿತಿ (ಮಂತ್ರಿಗಳು ಸದನದಾಗ ಕೊಟ್ಟ ಮಾತು ಈಡೇರ್ಯಾವೇನು ಅಂತ ನೋಡೋ ಎಂಪಿಗಳ ಸಮಿತಿ) ಕೇಳ್ತೈತಿ. ಆ ಉತ್ತರದ ಪ್ರಿಂಟ್ ಹಿಡ್ಕೊಂಡು ಜಿಲ್ಲಾ ಮೀಟಿಂಗ್‌ಗೆ ಹೋದ್ವಿ, ಪಹಣಿ, ಬೀಜದ ರಸೀದಿ ತೋರ್ಸಿದ್ವಿ, ಸುಮಾರು ನಲವತ್ತು ಮಂದಿಗೆ ರೊಕ್ಕ ಜಮಾ ಆತು. ಉಳದವ್ರು ರಸೀದಿ ಇಟ್ಟಿದ್ದಿಲ್ಲ. ನನ್ನ ಖರ್ಚು ಜೆರಾಕ್ಸ್, ಫೋನು, ಇಂಗ್ಲಿಷ್ ತಿದ್ದಿದ ಮಾಸ್ತರ್‌ಗೆ ಊಟ, ಎರಡ್ ಸಾವಿರ ದಾಟಿಲ್ಲ.

ನಡುವ ಜನ್ರ ಅರ್ಜಿ ನೋಡೋ ಲೋಕಸಭಾದ ಅರ್ಜಿ ಸಮಿತಿಗೂ ಒಂದ್ ಕೈ ನೋಡಿದ್ದೆ, ಲೋಕಸಭಾಕ್ಕ ಮಂಡಿಸೋ ಅರ್ಜಿಗೆ ಸದಸ್ಯರ ಮೇಲುಸಹಿ ಬೇಕು, ಸಹಿಗೆ ಓಡಾಡೋದ್ರಾಗ ಅಧಿವೇಶನಾನ ಮುಗೀತು.

ಈಗ ಮೆಣಸಿನಕಾಯಿ ವಿಮೆ ಬಗ್ಗೆ ಬರ್ಯಾಕತ್ತೀನಿ, ತೋಟಗಾರಿಕಿ ಬೆಳಿಗೆ ಪ್ರೀಮಿಯಂನಾಗ ರೈತನ ಪಾಲು ವಿಮಾ ಮೊತ್ತದ 5%, ಗೋವಿನಜೋಳಕ್ಕ 2%. ಲೋಕಸಭಾ ಕ್ಷೇತ್ರದ ಲೆಕ್ಕದಾಗ ಗದಗ, ರೋಣ, ಶಿರಹಟ್ಟಿಯವ್ರು ನಿಮ್ಮ ಪ್ರಶ್ನೆ ಹಾವೇರಿ ಎಂಪಿಗೆ ಕಳಸ್ರಿ, ನರಗುಂದದವ್ರು ಬಾಗಲಕೋಟಿಗೆ. ಡ್ರಾಫ್ಟ್ ಬೇಕಂದವ್ರು ಅರ್ಜಿ ನಂಬರ್, ಪಹಣಿ ರೆಡಿ ಇಟ್ಕೊಂಡ ಕೇಳ್ರಿ.