ಮಗಳ ಹಳ್ಳಿ ಹುಡುಗನಿಗಾಗಿ ಏಳು ತಿಂಗಳು

2014ರ ನವೆಂಬರ್ 22, ಶನಿವಾರ. ವಿಡಿಯೊ ಗೇಮ್ ಕಂಪನಿ ನಿಂಟೆಂಡೊದ ಅಮೀಬೊ ಗೊಂಬೆಗಳು, ಅಂದರೆ ಅದರ ಆಟಗಳ ಪಾತ್ರಗಳ ಪುಟ್ಟ ಗೊಂಬೆಗಳು, ಅಮೆರಿಕದ ಅಂಗಡಿಗಳಿಗೆ ಬಂದು ಒಂದೇ ದಿನವಾಗಿತ್ತು. ಎಂಟು ವರ್ಷದ ಮಗಳ ಕೈ ಹಿಡಿದುಕೊಂಡು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ನಮ್ಮ ಮನೆಗೆ ಹತ್ತಿರದ ಅಂಗಡಿಗೆ ಹೋದೆ. ಮೊದಲ ಕಂತಿನಲ್ಲಿ ಒಟ್ಟು 12 ಗೊಂಬೆ. ಕೊಕ್ಕೆಗಳ ಮೇಲೆ ಮಾರಿಯೊ ಕಿಕ್ಕಿರಿದಿದ್ದ. ಲಿಂಕ್, ಪಿಕಾಚು, ಕಿರ್ಬಿ, ಯೋಷಿ ಎಲ್ಲರೂ ಇದ್ದರು. ಒಂದು ಕೊಕ್ಕೆ ಮಾತ್ರ ಖಾಲಿ. ಅದರ ಚೀಟಿಯಲ್ಲಿ 'ವಿಲೇಜರ್' ಅಂತಿತ್ತು. ಮಗಳು ಮುಂಗಾಲಲ್ಲಿ ನಿಂತು, ಪಕ್ಕದ ಕೊಕ್ಕೆಯ ಮಾರಿಯೊಗಳನ್ನು ಒಂದೊಂದಾಗಿ ಸರಿಸಿ, ಹಿಂದೆಲ್ಲಾದರೂ ಒಬ್ಬ ಸಿಕ್ಕಿಕೊಂಡಿದ್ದಾನೇನೋ ಅಂತ ಹುಡುಕಿದಳು. ಆಮೇಲೆ ಎಲ್ಲವನ್ನೂ ಮೊದಲಿದ್ದ ಹಾಗೇ ಜೋಡಿಸಿದಳು. ಅಳಲಿಲ್ಲ. "ಇನ್ನೊಂದು ದಿನ ಬರೋಣ ಅಪ್ಪ" ಅಂದಳು.

ಈ ವಿಲೇಜರ್ 'ಅನಿಮಲ್ ಕ್ರಾಸಿಂಗ್' ಆಟದವನು. ಎದೆ ಮೇಲೆ 1 ಅಂತ ಬರೆದ ಕೆಂಪಂಗಿ, ದುಂಡು ಮುಖ. ಮಗಳ ಬಾಯಲ್ಲಿ ಅವನು ಹಳ್ಳಿ ಹುಡುಗ. ಆ ಆಟದಲ್ಲಿ ಯುದ್ಧವಿಲ್ಲ, ಗುಂಡಿಲ್ಲ. ಗಿಡ ನೆಡೋದು, ಮೀನು ಹಿಡಿಯೋದು, ನೆರೆಹೊರೆಯವರಿಗೆ ಕಾಗದ ಬರೆಯೋದು. ಅವಳು ಆಟದೊಳಗಿನ ತನ್ನ ಊರಿಗೆ ಮೈಸೂರು ಅಂತ ಹೆಸರಿಟ್ಟಿದ್ದಳು, ಅಜ್ಜಿ ಇರುವ ಊರು ಅಂತ. ಅವಳ ಮಟ್ಟಿಗೆ ಆ ಗೊಂಬೆ ಅಂದರೆ ಆ ಊರಿನಲ್ಲಿ ಓಡಾಡುವ ತಾನೇ.

ಅಮೀಬೊ ಬರೀ ಗೊಂಬೆಯಾಗಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಅದರ ಪೀಠದೊಳಗೆ ಒಂದು ಸಣ್ಣ ಚಿಪ್ ಇರುತ್ತದೆ. ಅದರಲ್ಲಿರೋದು ಬರೀ 540 ಬೈಟ್ ಜಾಗ. ನಿಂಟೆಂಡೊದ ಆಟದ ಯಂತ್ರ ವೀ ಯುವನ್ನು ಆಡಿಸುವ ಗೇಮ್‌ಪ್ಯಾಡಿನ ಎಡಗಡೆ ಕೆಳಗೆ ಒಂದು ಗುರುತಿದೆ, ಗೊಂಬೆಯನ್ನು ಅದರ ಮೇಲೆ ನಿಲ್ಲಿಸಿದರೆ 'ಸ್ಮ್ಯಾಶ್ ಬ್ರದರ್ಸ್' ಅನ್ನುವ ಕಾದಾಟದ ಆಟದೊಳಗೆ ಅದು ಇಳಿದು ಬರುತ್ತದೆ. ನಾವು ಅದರ ಜೊತೆ ಆಡಿದಷ್ಟೂ ಕಲಿಯುತ್ತದೆ, 50ನೇ ಹಂತದವರೆಗೆ ಬೆಳೆಯುತ್ತದೆ, ಕಲಿತದ್ದನ್ನು ಆ ಚಿಪ್ಪಿನಲ್ಲೇ ಇಟ್ಟುಕೊಳ್ಳುತ್ತದೆ. ಗೊಂಬೆ ಸಿಗದ ಮಗುವಿಗೆ ಆಟದ ಆ ಭಾಗವೇ ಮುಚ್ಚಿದ ಬಾಗಿಲು.

ಮೊದಲೆರಡು ವಾರ ನಾನು ಸಮಾಧಾನದಿಂದಲೇ ಇದ್ದೆ. ಹೊಸ ಸಾಮಾನು, ಮುಂದಿನ ಲೋಡಿಗೆ ಬರುತ್ತೆ ಅಂದುಕೊಂಡಿದ್ದೆ. ಡಿಸೆಂಬರ್ ಶುರುವಿನಲ್ಲಿ ಕಂಪನಿಯ ಹೇಳಿಕೆ ಬಂತು: ಮಾರಿಯೊ, ಲಿಂಕ್‌ನಂಥ ಜನಪ್ರಿಯ ಗೊಂಬೆಗಳು ಯಾವಾಗಲೂ ಸಿಗುವ ಹಾಗೆ ನೋಡಿಕೊಳ್ಳುತ್ತೇವೆ, ಅಂಗಡಿಗಳಲ್ಲಿ ಜಾಗ ಕಡಿಮೆ ಇರುವುದರಿಂದ ಉಳಿದವು ಮೊದಲ ಲೋಡು ಮುಗಿದ ಮೇಲೆ ಬಹುಶಃ ಮತ್ತೆ ಬರುವುದಿಲ್ಲ ಅಂತ. ಎಲ್ಲೂ ಸಿಗದ ಗೊಂಬೆಗಳು ಅಂತ ಆಗಲೇ ಮೂರು ಹೆಸರು ಎಲ್ಲರ ಬಾಯಲ್ಲಿತ್ತು: ಮಾರ್ತ್, ವೀ ಫಿಟ್ ಟ್ರೇನರ್, ನಮ್ಮ ವಿಲೇಜರ್. ಅಂಗಡಿಯಲ್ಲಿ $12.99 ಇದ್ದದ್ದು ಇಂಟರ್ನೆಟ್ಟಿನಲ್ಲಿ ಐದಾರು ಪಟ್ಟಾಗಿತ್ತು.

ನಾನು ಹುಡುಗನಾಗಿದ್ದಾಗ ಮೈಸೂರಿನಲ್ಲಿ ದೊಡ್ಡ ಸಿನಿಮಾ ಬಿಡುಗಡೆಯ ದಿನ ಟಾಕೀಸಿನ ಗೇಟಿನ ಹತ್ತಿರ "ಹತ್ತಕ್ಕೆ ಇಪ್ಪತ್ತು, ಹತ್ತಕ್ಕೆ ಇಪ್ಪತ್ತು" ಅಂತ ಗೊಣಗುತ್ತಾ ಬ್ಲ್ಯಾಕ್ ಟಿಕೆಟ್ ಮಾರುವವರು ಇರುತ್ತಿದ್ದರು. ನಮ್ಮಪ್ಪ ಒಂದು ಸಲವೂ ಅವರ ಕಡೆ ತಿರುಗಿ ನೋಡಿದವರಲ್ಲ. ಟಿಕೆಟ್ ಸಿಗದಿದ್ದರೆ ಪಕ್ಕದಲ್ಲಿ ದೋಸೆ ಕೊಡಿಸಿ ಮನೆಗೆ ಕರೆದುಕೊಂಡು ಬರುತ್ತಿದ್ದರು. ಮಕ್ಕಳ ಆಟಿಕೆಯನ್ನು ಹತ್ತತ್ತು ಹೊತ್ತುಕೊಂಡು ಹೋಗಿ, ಸಂಜೆಯ ಹೊತ್ತಿಗೆ ಆರು ಪಟ್ಟಿಗೆ ಮಾರುವವರಿಗೂ ಆ ಬ್ಲ್ಯಾಕಿನವರಿಗೂ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ದುಡ್ಡು ಕೊಡುವ ಶಕ್ತಿ ನನಗಿತ್ತು. ಆದರೂ ಅವರಿಂದ ಒಂದನ್ನೂ ಕೊಳ್ಳಬಾರದು ಅಂತ ಹೆಂಡತಿ, ನಾನು ಕೂತು ತೀರ್ಮಾನ ಮಾಡಿದೆವು. ಕೊಂಡರೆ ನಾಳೆ ಅವರು ಇನ್ನೂ ಹತ್ತು ಬಾಚುತ್ತಾರೆ. ಅದರಲ್ಲಿ ಒಂದು ಇನ್ಯಾವುದೋ ಮಗುವಿನ ಪಾಲಿನದು.

ಹಾಗಾದರೆ ದಾರಿ ಏನು? ಮೊದಲು ನಾನು ಅಂಗಡಿಗಳಿಗೆ ಫೋನ್ ಮಾಡಿ "ಅಮೀಬೊ ಇದೆಯಾ?" ಅಂತ ಕೇಳುತ್ತಿದ್ದೆ. "ಬೇಕಾದಷ್ಟಿದೆ" ಅನ್ನುತ್ತಿದ್ದರು. ಹೋಗಿ ನೋಡಿದರೆ ಮಾರಿಯೊ. ಕೇಳುವ ರೀತಿಯೇ ತಪ್ಪು ಅಂತ ತಿಳಿಯಲು ಒಂದು ತಿಂಗಳು ಹಿಡಿಯಿತು. ದೊಡ್ಡ ಅಂಗಡಿಗಳಲ್ಲಿ ಪ್ರತಿ ಸಾಮಾನಿಗೂ ಅವರದೇ ಒಂದು ಸಂಖ್ಯೆ ಇರುತ್ತದೆ, ಕೊಕ್ಕೆಯ ಕೆಳಗಿನ ಬೆಲೆ ಚೀಟಿಯಲ್ಲಿ ಸಣ್ಣದಾಗಿ ಅಚ್ಚಾಗಿರುತ್ತದೆ. ಕೊಕ್ಕೆ ಖಾಲಿ ಇದ್ದರೂ ಚೀಟಿ ಇರುತ್ತದಲ್ಲ! ಅದರ ಫೋಟೊ ತೆಗೆದುಕೊಂಡೆ. ಆಮೇಲಿಂದ ಫೋನಿನಲ್ಲಿ ಗೊಂಬೆಯ ಹೆಸರನ್ನೇ ಎತ್ತುತ್ತಿರಲಿಲ್ಲ, ಸಂಖ್ಯೆಯನ್ನು ಓದುತ್ತಿದ್ದೆ. ಅವರು ಕಂಪ್ಯೂಟರಿನಲ್ಲಿ ನೋಡಿ ಇದೆ, ಇಲ್ಲ ಅಂತ ಖಚಿತವಾಗಿ ಹೇಳುತ್ತಿದ್ದರು. ಯಾವ ಅಂಗಡಿಗೆ ಯಾವ ದಿನ ಲಾರಿ ಬರುತ್ತದೆ ಅಂತಲೂ ಕೇಳಿ ಬರೆದಿಟ್ಟುಕೊಂಡೆ. ಲಾರಿ ಬಂದ ರಾತ್ರಿ ಡಬ್ಬ ಒಡೆದು ಜೋಡಿಸುತ್ತಾರೆ, ಮಾರನೇ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋದರೆ ಸಿಗುವ ಸಂಭವ ಹೆಚ್ಚು. ಕಂಪ್ಯೂಟರ್ ಎರಡು ಇದೆ ಅಂದು ಕೊಕ್ಕೆಯಲ್ಲಿ ಇಲ್ಲದಿದ್ದರೆ, ಹಿಂದಿನ ಗೋದಾಮಿನಲ್ಲಿ ಒಮ್ಮೆ ನೋಡುತ್ತೀರಾ ಅಂತ ನಯವಾಗಿ ಕೇಳಬೇಕು. ಲಿಟಲ್ ಮ್ಯಾಕ್ ಅನ್ನುವ ಇನ್ನೊಂದು ಅಪರೂಪದ ಗೊಂಬೆ ನನಗೆ ಸಿಕ್ಕಿದ್ದು ಹಾಗೆ. ಬೆಳಗ್ಗೆ ಎಂಟಕ್ಕೆ ಒಬ್ಬ ವಯಸ್ಸಾದ ನೌಕರ ಹತ್ತು ನಿಮಿಷ ಹುಡುಕಿ ತಂದುಕೊಟ್ಟರು. ಆ ಮನುಷ್ಯರ ಉಪಕಾರ ಇವತ್ತಿಗೂ ನೆನಪಿದೆ.

ಆ ಚಳಿಗಾಲ ಪಶ್ಚಿಮ ಕರಾವಳಿಯ 29 ಬಂದರುಗಳಲ್ಲಿ ಕಾರ್ಮಿಕರ ಒಪ್ಪಂದದ ಜಗಳ ನಡೆಯುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ಬೇ ಬ್ರಿಡ್ಜ್ ದಾಟುವಾಗ ದಕ್ಷಿಣದ ನೀರಿನಲ್ಲಿ ಕಂಟೇನರ್ ಹಡಗುಗಳು ಲಂಗರು ಹಾಕಿ ನಿಂತಿರುವುದು ಕಾಣುತ್ತಿತ್ತು. "ಹಳ್ಳಿ ಹುಡುಗ ಅದರಲ್ಲಿದ್ದಾನಾ ಅಪ್ಪ?" ಅಂತ ಮಗಳು ಕಾರಿನ ಗಾಜಿಗೆ ಮೂಗು ಒತ್ತಿಕೊಂಡು ಕೇಳುತ್ತಿದ್ದಳು. 2015ರ ಫೆಬ್ರವರಿ 20ಕ್ಕೆ ಒಪ್ಪಂದ ಕುದುರಿತು. ಹಡಗುಗಳು ಒಂದೊಂದಾಗಿ ಕರಗಿದವು. ನಮ್ಮ ಕೊಕ್ಕೆ ಖಾಲಿಯೇ ಉಳಿಯಿತು.

ಅಷ್ಟರಲ್ಲಿ ಇನ್ನೊಂದು ತೊಡಕು ಸೇರಿಕೊಂಡಿತು. ಮೂರನೇ ಕಂತಿನಿಂದ ಕೆಲವು ಗೊಂಬೆಗಳನ್ನು ಒಂದೊಂದು ಸರಣಿ ಅಂಗಡಿಗೇ ಮೀಸಲಿಟ್ಟರು. ರೊಸಲಿನಾ ಒಂದು ಕಡೆ, ಶುಲ್ಕ್ ಇನ್ನೊಂದು ಕಡೆ, ಮೆಟಾ ನೈಟ್, ಲುಕಾರಿಯೊ ಮತ್ತೆ ಬೇರೆ ಬೇರೆ ಕಡೆ. ಫೆಬ್ರವರಿ 1ರ ಭಾನುವಾರ ರೊಸಲಿನಾಗಾಗಿ ಬೆಳಗ್ಗೆ ಏಳಕ್ಕೇ ಹೋಗಿ ಸಾಲಿನಲ್ಲಿ ನಿಂತೆ. ನನ್ನ ಮುಂದೆ ಐದು ಜನ. ಅಂಗಡಿಗೆ ಬಂದಿದ್ದದ್ದು ಆರು ಗೊಂಬೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮೊದಲು ಒಳಗೆ ಹೋದವನು ಮೂರು ಎತ್ತಿಕೊಂಡ. ಒಬ್ಬರಿಗೆ ಒಂದೇ ಅನ್ನುವ ನಿಯಮ ಅಲ್ಲಿರಲಿಲ್ಲ. ನನ್ನ ಮುಂದಿದ್ದ ಹೆಂಗಸು ಮಗನ ಹುಟ್ಟುಹಬ್ಬಕ್ಕೆ ಅಂತ ಬಂದಿದ್ದರು. ಅವರಿಗೂ ಇಲ್ಲ, ನನಗೂ ಇಲ್ಲ. ಸಾಲಿನ ಶಿಸ್ತು ಪಾಲಿಸಿದವರು ಬರಿಗೈಲಿ ಹೋಗುವ ಹಾಗೆ ಮಾಡುವುದು ಅನ್ಯಾಯ. ಕೊರತೆ ಗೊತ್ತಿದ್ದೂ ಮಿತಿ ಹಾಕದ ಅಂಗಡಿಯದೂ ಇದರಲ್ಲಿ ಪಾಲಿದೆ.

ದಾರಿ ತೆರೆದದ್ದು ಯುಗಾದಿಯಲ್ಲಿ. ಆ ವರ್ಷ ಹಬ್ಬ ಮಾರ್ಚ್ 21ಕ್ಕೆ ಬಂದಿತ್ತು. ಅದರ ಹಿಂದಿನ ದಿನವೇ ಚಿನ್ನದ ಬಣ್ಣದ ಮಾರಿಯೊ ಬಿಡುಗಡೆಯಾಗಿತ್ತು, ಅದೂ ಒಂದೇ ಸರಣಿಯ ಅಂಗಡಿಗಳಲ್ಲಿ. ಕನ್ನಡ ಕೂಟದ ಹಬ್ಬದೂಟದಲ್ಲಿ ಬಾಳೆ ಎಲೆಗೆ ಒಬ್ಬಟ್ಟು ಬಡಿಸುತ್ತಿದ್ದಾಗ ಇಬ್ಬರು ಗಂಡುಮಕ್ಕಳು ಅದೇ ಮಾತಾಡುತ್ತಿದ್ದದ್ದು ಕಿವಿಗೆ ಬಿತ್ತು. ಅವರಪ್ಪನನ್ನು ಹುಡುಕಿ ಮಾತಾಡಿಸಿದೆ. ದಾವಣಗೆರೆ ಕಡೆಯವರು, ಪ್ಲೆಸಂಟನ್‌ನಲ್ಲಿ ಮನೆ. "ಏನ್ ಹೇಳ್ತೀರಿ ಸರ್, ನಾನೂ ನಮ್ಮನೆಯವ್ರೂ ಬೇರೆ ಬೇರೆ ಅಂಗಡೀಲಿ ನಿಂತು ಎರಡು ರೊಸಲಿನಾ ಆಗಿಬಿಟ್ಟಾವ. ಲಿಟಲ್ ಮ್ಯಾಕ್ ಮಾತ್ರ ಎಲ್ಲೂ ಸಿಗವಲ್ದು" ಅಂದರು. ನನ್ನ ಹತ್ತಿರ ಲಿಟಲ್ ಮ್ಯಾಕ್ ಇದ್ದ! ಊಟ ಮುಗಿಸಿ, ಕೈ ತೊಳೆದು, ಮನೆಗೆ ಹೋಗಿ ತಂದು ಪಾರ್ಕಿಂಗಿನಲ್ಲೇ ಬದಲಾಯಿಸಿಕೊಂಡೆವು.

ಅವತ್ತೇ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದೆವು. ಸನಿವೇಲ್, ಸ್ಯಾನ್ ಹೋಸೆ, ಮಿಲ್ಪಿಟಾಸ್ ಕಡೆಯವರೆಲ್ಲ ಸೇರಿ ಎಂಟು ಮನೆ. ಯಾವ ಮಗುವಿಗೆ ಯಾವುದು ಬೇಕು ಅಂತ ಪಟ್ಟಿ. ಕಣ್ಣಿಗೆ ಬಿದ್ದ ಅಪರೂಪದ ಗೊಂಬೆಯನ್ನು ಪಟ್ಟಿಯಲ್ಲಿದ್ದರೆ ಮಾತ್ರ ತೆಗೆದುಕೊಳ್ಳಬೇಕು, ಅದೂ ಒಂದೇ. ರಸೀದಿಯ ಬೆಲೆಗೆ ಕೊಡಬೇಕು, ಒಂದು ಸೆಂಟ್ ಹೆಚ್ಚಿಲ್ಲ. ಪಟ್ಟಿಯಿಂದ ಹೆಸರು ಹೊಡೆದ ಮೇಲೂ ಹುಡುಕುವುದು ನಿಲ್ಲಿಸಬಾರದು. ಇದು ಕೊನೆಯದೇ ಕಷ್ಟದ್ದು, ಆದರೆ ಎಲ್ಲರೂ ಪಾಲಿಸಿದರು. ಎಂಟು ಮನೆಯವರು ಆಫೀಸಿಗೆ ಹೋಗುವ ದಾರಿಯಲ್ಲಿ ಎಂಟು ಅಂಗಡಿ ಇಣುಕಿದರೆ, ಒಬ್ಬನೇ ವಾರವೆಲ್ಲ ಅಲೆದದ್ದಕ್ಕಿಂತ ಹೆಚ್ಚು ಸಿಗುತ್ತದೆ. ಈ ವಿಷಯದಲ್ಲಿ ಯಾರಾದರೂ ನನ್ನನ್ನು ಕೇಳಿದರೆ ಮೊದಲು ಇದನ್ನೇ ಹೇಳುತ್ತೇನೆ: ಒಂಟಿಯಾಗಿ ಹುಡುಕಬೇಡಿ.

ಏಪ್ರಿಲ್‌ನಲ್ಲಿ ನಾಲ್ಕನೇ ಕಂತಿನ ಮುಂಗಡ ಬುಕಿಂಗ್. ಗುಂಪಿನ ಒಬ್ಬ ಹುಡುಗನಿಗೆ ನೆಸ್ ಅನ್ನುವ ಗೊಂಬೆ ಬೇಕಿತ್ತು. ಒಂದು ಅಂಗಡಿಯ ಮುಂದೆ ಎರಡು ಗಂಟೆ ಕಾದೆ. ಬಾಗಿಲು ತೆಗೆದರು, ಅವರ ಕಂಪ್ಯೂಟರ್ ಹೆಪ್ಪುಗಟ್ಟಿದಂತೆ ನಿಂತುಬಿಟ್ಟಿತು. ಕೌಂಟರಿನ ಹುಡುಗಿ ಬೆವರುತ್ತಾ ಅದೇ ಕೀಲಿ ಒತ್ತುತ್ತಿದ್ದಳು, ಅವಳ ತಪ್ಪೇನೂ ಇರಲಿಲ್ಲ. ನನ್ನ ಸರದಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅದಕ್ಕೂ ಮುಂಚೆ ಇನ್ನೊಂದು ಆನ್‌ಲೈನ್ ಅಂಗಡಿ ವಿಲೇಜರ್‌ಗೆ ಆರ್ಡರ್ ತೆಗೆದುಕೊಂಡು, ಖಾತ್ರಿ ಇಮೇಲ್ ಕಳಿಸಿ, ಮೂರು ವಾರ ಬಿಟ್ಟು ರದ್ದು ಮಾಡಿತ್ತು. ದುಡ್ಡು ವಾಪಸ್ ಬಂತು. ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕಿಕೊಂಡಿದ್ದ ಮಗುವಿಗೆ ಏನು ಹೇಳುವುದು? ಮಾರ್ಚ್ ಅಂತ್ಯದ ಹೊತ್ತಿಗೆ ಜಗತ್ತಿನಾದ್ಯಂತ ಸುಮಾರು 1 ಕೋಟಿ 5 ಲಕ್ಷ ಅಮೀಬೊ ಮಾರಾಟವಾಗಿದ್ದವು ಅಂತ ಓದಿದಾಗ, ಅಷ್ಟರಲ್ಲಿ ಒಂದು ನಮಗಿಲ್ಲವಲ್ಲ ಅಂತ ನನಗೇ ಗಂಟಲು ಕಟ್ಟಿತ್ತು.

ಜಪಾನಿನ ದಾರಿ ಹೊಳೆದದ್ದು ಆಮೇಲೆ. ಆ ಯಂತ್ರದ ಆಟದ ಡಿಸ್ಕಿಗೆ ದೇಶದ ಬೀಗ ಇತ್ತು, ಅಂದರೆ ಒಂದು ದೇಶದ ಡಿಸ್ಕ್ ಇನ್ನೊಂದು ದೇಶದ ಯಂತ್ರದಲ್ಲಿ ನಡೆಯುತ್ತಿರಲಿಲ್ಲ; ಅಮೀಬೊಗೆ ಆ ಬೀಗ ಇಲ್ಲ. ಟೋಕಿಯೊದಲ್ಲಿ ಕೊಂಡದ್ದು ಫ್ರೀಮಾಂಟಿನಲ್ಲಿ ಅಷ್ಟೇ ಚೆನ್ನಾಗಿ ನಡೆಯುತ್ತದೆ. ಪೆಟ್ಟಿಗೆಯ ಮೇಲಿನ ಅಕ್ಷರವಷ್ಟೇ ಬೇರೆ. ಜೂನ್‌ನಲ್ಲಿ ಆಫೀಸಿನ ಗೆಳೆಯನೊಬ್ಬ ಕೆಲಸದ ಮೇಲೆ ಟೋಕಿಯೊಗೆ ಹೊರಟಾಗ ಫೋಟೊ ಕಳಿಸಿ, ಸಿಕ್ಕರೆ ಒಂದು ತರುತ್ತೀಯಾ ಅಂದೆ. ಅಲ್ಲಿ ಆಗ ಬೆಲೆ 1,200 ಯೆನ್, ಮೇಲೆ ತೆರಿಗೆ. ಹೆಸರು 'ಮುರಬಿತೊ', ಅಂದರೂ ಹಳ್ಳಿಯವನೇ.

ಅವನು ತಂದುಕೊಟ್ಟ ಸಂಜೆ ಮನೆಗೆ ಬಂದಿದ್ದ ಸ್ನೇಹಿತರೊಬ್ಬರು "ಬಿಚ್ಚಬೇಡಿ, ಸೀಲ್ ಇದ್ರೇನೇ ಬೆಲೆ" ಅಂದರು. ಮಗಳು ನನ್ನ ಮುಖ ನೋಡಿದಳು. ನಾನು ಕತ್ತರಿ ತಂದುಕೊಟ್ಟೆ. ಪೀಠದ ಕೆಳಗೆ, ಪೆಟ್ಟಿಗೆಯ ತಳದಲ್ಲಿ ತೆಳುವಾದ ಬೆಳ್ಳಿ ಬಣ್ಣದ ಹಾಳೆ ಇರುತ್ತದೆ. ಪೆಟ್ಟಿಗೆಯೊಳಗಿದ್ದಾಗ ಹೊರಗಿನಿಂದ ಚಿಪ್ ಓದಲಾಗದ ಹಾಗೆ ಹಾಕಿರೋದು. ಅಂದರೆ ಬಿಚ್ಚದೆ ಆಡಲು ಬರುವುದೇ ಇಲ್ಲ. ಅವಳು ಅಂಟುಪಟ್ಟಿಯನ್ನು ಹರಿಯದೆ ನಾಜೂಕಾಗಿ ಕತ್ತರಿಸಿ, ಅವನನ್ನು ಎರಡೂ ಕೈಯಲ್ಲಿ ಎತ್ತಿ, ಅಂಗೈಯಲ್ಲಿ ನಿಲ್ಲಿಸಿಕೊಂಡು, ಹೆಬ್ಬೆರಳಿನಿಂದ ಆ ಕೆಂಪಂಗಿಯ 1ನ್ನು ಸವರಿದಳು. ಗೇಮ್‌ಪ್ಯಾಡ್ ಮೇಲಿಟ್ಟಾಗ ಆಟ ಹೆಸರು ಕೇಳಿತು. 'ರಂಗ' ಅಂತ ಕೊಟ್ಟಳು.

ದುಂಡು ಸ್ಟಿಕ್ಕರಿನ ರೂಪದ ಖಾಲಿ ಚಿಪ್ಪಿನ ಮೇಲೆ ಗೊಂಬೆಯ ಮಾಹಿತಿಯನ್ನೇ ಬರೆದು ಆಡಬಹುದು ಅಂತ ಆಮೇಲೆ ಒಬ್ಬರು ತೋರಿಸಿದ್ದರು. ಎಂಜಿನಿಯರ್ ಆಗಿ ನನಗೆ ಕುತೂಹಲ ಹುಟ್ಟಿತು. ಮಗಳು ಆ ದುಂಡು ಸ್ಟಿಕ್ಕರನ್ನು ತಿರುಗಿಸಿ ನೋಡಿ, "ಇದಕ್ಕೆ ಮುಖ ಇಲ್ವಲ್ಲ ಅಪ್ಪ" ಅಂದಳು. ನಾನು ಆ ದಾರಿ ಬಿಟ್ಟೆ.

ಸೆಪ್ಟೆಂಬರ್ 25ಕ್ಕೆ ಗೊಂಬೆಯ ಬದಲು ಕಾರ್ಡಿನಲ್ಲೇ ಚಿಪ್ ಇರುವ ಅನಿಮಲ್ ಕ್ರಾಸಿಂಗ್ ಅಮೀಬೊ ಕಾರ್ಡುಗಳು ಬಂದವು. ಒಂದು ಸರಣಿಗೆ 100 ಕಾರ್ಡು, ಪ್ಯಾಕೆಟ್ಟಿಗೆ ಆರು, ಒಳಗೇನಿದೆ ಅಂತ ಒಡೆಯುವ ತನಕ ಗೊತ್ತಿಲ್ಲ. ಮಕ್ಕಳಿಗೆ ಲಾಟರಿ ಮಾರುವ ಈ ಪದ್ಧತಿ ನನಗೆ ಒಗ್ಗುವುದಿಲ್ಲ. ಆದರೂ ಎಂಟು ಮನೆಯ ಮಕ್ಕಳು ಭಾನುವಾರ ನೆಲದ ಮೇಲೆ ಹರಡಿಕೊಂಡು ಕೂತು, "ಇದು ನನ್ಹತ್ರ ಎರಡಿದೆ, ತಗೋ" ಅಂತ ತಮ್ಮಷ್ಟಕ್ಕೆ ಹಂಚಿಕೊಂಡರು.

ದಸರೆಗೆ ಗೊಂಬೆ ಕೂರಿಸಿದೆವು. ಹೆಂಡತಿಗೆ ತವರಿನಿಂದ ಬಂದ ರಕ್ತಚಂದನದ ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲಲ್ಲಿ. ಕೆಳಗಿನ ಮೆಟ್ಟಿಲನ್ನು ಮಗಳೇ ಜೋಡಿಸಿದಳು: ಚನ್ನಪಟ್ಟಣದ ಬುಗುರಿಗಳು, ಸೆಟ್ಟಿ ದಂಪತಿ, ಅವರ ಅಂಗಡಿಯ ಪಕ್ಕದಲ್ಲಿ ರೊಸಲಿನಾ ಮತ್ತು ರಂಗ. ಸ್ಕೈಪಿನಲ್ಲಿ ನೋಡಿದ ಅಮ್ಮ, "ಆ ಕೆಂಪಂಗಿ ಹುಡುಗ ಯಾರೇ? ಚೆನ್ನಾಗಿದ್ದಾನೆ" ಅಂದರು. "ಮೈಸೂರಿನವನು ಅಜ್ಜಿ" ಅಂತ ಇವಳ ಉತ್ತರ.

ವಿಜಯದಶಮಿ ರಾತ್ರಿ ಆರತಿ ಎತ್ತಿ ಪಟ್ಟದ ಗೊಂಬೆಗಳನ್ನು ಮಲಗಿಸಿದಾಗ ಅವಳು ರಂಗನನ್ನೂ ಪಕ್ಕದಲ್ಲಿ ಮಲಗಿಸಿ, ಅಮ್ಮನ ರವಿಕೆ ಬಟ್ಟೆಯ ತುಂಡು ಹೊದಿಸಿದಳು. ಬೆಳಗ್ಗೆ ನಾನು ಕಾಫಿ ಹಿಡಿದು ಹಾಲಿಗೆ ಬರುವಷ್ಟರಲ್ಲಿ ಆ ಬಟ್ಟೆ ಮಡಿಸಿಟ್ಟಿತ್ತು. ರಂಗ ಗೇಮ್‌ಪ್ಯಾಡ್ ಮೇಲೆ ನಿಂತಿದ್ದ.