ರೇಡಿಯೇಷನ್ ಮುಗಿದ ಮೇಲಿನ ಸುಸ್ತು: ನನ್ನ ಅನುಭವ

ಎಡ ಸ್ತನದ ಕ್ಯಾನ್ಸರ್ ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆಯಾಗಿ, ಗಾಯ ಮಾಗಿದ ನಂತರ ನನಗೆ ರೇಡಿಯೇಷನ್ ಆರಂಭವಾಯಿತು. ವಾರಕ್ಕೆ ಐದು ದಿನದಂತೆ 15 ಸಲ, ಒಟ್ಟು 40 ಗ್ರೇ (ಗ್ರೇ ಎಂದರೆ ಕಿರಣದ ಪ್ರಮಾಣದ ಅಳತೆ); ಅದರ ಬೆನ್ನಿಗೆ ಗಡ್ಡೆಯಿದ್ದ ಜಾಗಕ್ಕೆ ಮಾತ್ರ ಇನ್ನೂ 5 ಸಲ ಬೂಸ್ಟ್, ಅಂದರೆ ಹೆಚ್ಚುವರಿ ಕಿರಣ. ಕೈಯನ್ನು ತಲೆಯ ಮೇಲಕ್ಕೆತ್ತಿ ಮಲಗುವುದು, ಹೃದಯವು ಕಿರಣದ ದಾರಿಯಿಂದ ಆದಷ್ಟು ದೂರ ಸರಿಯಲೆಂದು ಯಂತ್ರ ನಡೆಸುವವರು ಹೇಳಿದಾಗ ಉಸಿರೆಳೆದು ಹಿಡಿಯುವುದು, ಇಷ್ಟೇ ನನ್ನ ಪಾಲಿನ ಕೆಲಸ. ನೋವಿರಲಿಲ್ಲ, ಬಿಸಿಯೂ ತಿಳಿಯುತ್ತಿರಲಿಲ್ಲ. ಕೀಮೋ ನನಗೆ ಬೇಕಾಗಿರಲಿಲ್ಲವಾದ್ದರಿಂದ ಕಷ್ಟದ ಭಾಗ ಕಳೆಯಿತೆಂದೇ ನಂಬಿ, ಮೊದಲ ವಾರ ಆಸ್ಪತ್ರೆಯಿಂದ ಬಂದವಳು ನೇರವಾಗಿ ಕರಡು ತಿದ್ದಲು ಕೂರುತ್ತಿದ್ದೆ. ಪುಸ್ತಕಗಳ ಕರಡು ತಿದ್ದುವುದು ನನ್ನ ವೃತ್ತಿ.

ಎರಡನೇ ವಾರದ ಕೊನೆಗೆ ಒಂದು ಮಧ್ಯಾಹ್ನ ಒಂದೇ ಸಾಲನ್ನು ನಾಲ್ಕು ಸಲ ಓದಿದೆ. ಮಹಾಪ್ರಾಣವಿರಬೇಕಾದಲ್ಲಿ ಅಲ್ಪಪ್ರಾಣ ಉಳಿದಿತ್ತು, ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಮರುದಿನ ಬೇರೆಯವರು ತೋರಿಸಿದರು. (ಆಗ ನನ್ನಲ್ಲೇ ಉಳಿದಿದ್ದುದು ಅಲ್ಪಪ್ರಾಣ ಎಂದು ಈಗ ನಗಬಹುದು, ಅಂದು ಅಳು ಬಂದಿತ್ತು.) ಕೆಲಸ ಮಾಡಿ ದಣಿದಾಗಿನ ಸುಸ್ತು ಇದಲ್ಲ. ದಣಿವಿಗೆ ಒಂದು ಕಾರಣವಿರುತ್ತದೆ, ಒಂದು ರಾತ್ರಿ ನಿದ್ದೆ ಮಾಡಿದರೆ ಅದು ಇಳಿಯುತ್ತದೆ. ಇದು ಏನೂ ಮಾಡದಿದ್ದಾಗಲೂ ಬರುತ್ತಿತ್ತು, ನಿದ್ದೆ ಮಾಡಿ ಎದ್ದಾಗಲೂ ಹಾಗೆಯೇ ಇರುತ್ತಿತ್ತು. ಕಿರಣ ತಗಲಿದ ಆರೋಗ್ಯವಂತ ಜೀವಕೋಶಗಳ ದುರಸ್ತಿ, ಅದರ ಜೊತೆಗಿನ ಉರಿಯೂತ, ಇನ್ನೂ ಹಳೆಯದಾಗದ ಶಸ್ತ್ರಚಿಕಿತ್ಸೆ, ದಿನವೂ ಆಸ್ಪತ್ರೆಗೆ ಓಡಾಟ, ಹೆದರಿಕೆಯಲ್ಲಿ ಕೆಟ್ಟ ನಿದ್ದೆ, ಎಲ್ಲವೂ ಇದರಲ್ಲಿ ಕೂಡಿಕೊಂಡಿರುತ್ತವೆ ಎಂದು ವೈದ್ಯರು ವಿವರಿಸಿದರು.

ಕೊನೆಯ ದಿನ ಎಲ್ಲರೂ ಅಭಿನಂದಿಸಿದರು. ಅದರ ಮುಂದಿನ ಹತ್ತು ದಿನಗಳೇ ಎಲ್ಲಕ್ಕಿಂತ ಕೆಟ್ಟವಾಗಿದ್ದವು. ಯಂತ್ರ ನಿಂತರೂ ಅದರ ಪರಿಣಾಮ ಅಂದೇ ನಿಲ್ಲುವುದಿಲ್ಲ. ಸ್ತನದ ಕೆಳಗಿನ ಮಡಿಕೆಯಲ್ಲಿ ಚರ್ಮ ಸುಲಿದದ್ದೂ, ಸುಸ್ತು ತುತ್ತತುದಿ ಮುಟ್ಟಿದ್ದೂ ಚಿಕಿತ್ಸೆ ಮುಗಿದ ಮೇಲೆಯೇ. ಇದು ಸಾಮಾನ್ಯವೆಂದು ಮೊದಲೇ ತಿಳಿದಿದ್ದರೆ ಕಾಯಿಲೆ ಮರುಕಳಿಸಿತೇನೋ ಎಂಬ ಆತಂಕದಲ್ಲಿ ಅಷ್ಟು ರಾತ್ರಿಗಳನ್ನು ಕಳೆಯುತ್ತಿರಲಿಲ್ಲ.

ನಾನು ಎರಡು ತಪ್ಪು ಮಾಡಿದೆ. ಮೊದಲನೆಯದು, ಮಲಗಿಬಿಟ್ಟದ್ದು. ಸುಮಾರು ಎರಡು ವಾರ ಹಾಸಿಗೆಯಲ್ಲೇ ಕಳೆದೆ; ಹಗಲಿನ ನಿದ್ದೆ ರಾತ್ರಿಯ ನಿದ್ದೆಯನ್ನು ಕಿತ್ತುಕೊಂಡಿತು, ಕಾಲಿನ ಸ್ನಾಯುಗಳು ಬಲ ಕಳೆದುಕೊಂಡವು, ಮೆಟ್ಟಿಲು ಹತ್ತಿದರೆ ಮೊದಲಿಗಿಂತ ಹೆಚ್ಚು ಏದುಸಿರು ಬರತೊಡಗಿತು. ಎರಡನೆಯ ತಪ್ಪು ಇದಕ್ಕೆ ತದ್ವಿರುದ್ಧ. ಒಂದು ಬೆಳಿಗ್ಗೆ ಎಂದಿಲ್ಲದ ಹುರುಪು ಕಂಡಿತೆಂದು ಪುಸ್ತಕದ ಕಪಾಟನ್ನೆಲ್ಲ ಖಾಲಿ ಮಾಡಿ ಒರೆಸಿ ಜೋಡಿಸಿದೆ. ಮುಂದಿನ ಮೂರು ದಿನ ತಲೆ ಬಾಚಿಕೊಳ್ಳಲು ಕೈ ಎತ್ತುವಾಗಲೂ ನಡುವೆ ಒಮ್ಮೆ ಇಳಿಸಬೇಕಾಗುತ್ತಿತ್ತು. ಈ ಸುಸ್ತಿನಲ್ಲಿ ಕೆಟ್ಟ ದಿನಕ್ಕಿಂತ ಒಳ್ಳೆಯ ದಿನದಲ್ಲೇ ಹೆಚ್ಚು ಎಚ್ಚರ ಬೇಕು ಎಂಬುದು ನನಗೆ ತಿಳಿದದ್ದು ಹೀಗೆ.

ಆಮೇಲೆ ಒಂದು ನೋಟುಬುಕ್ ಇಟ್ಟೆ. ದಿನಕ್ಕೆ ನಾಲ್ಕು ಸಲ, ಸೊನ್ನೆಯಿಂದ ಹತ್ತರವರೆಗೆ ಸುಸ್ತಿಗೆ ಒಂದು ಅಂಕ, ಪಕ್ಕದಲ್ಲಿ ಆ ಹೊತ್ತಿನಲ್ಲಿ ಏನು ಮಾಡಿದೆ ಎಂಬ ಒಂದು ಸಾಲು. ಹತ್ತು ದಿನ ತುಂಬುವಷ್ಟರಲ್ಲಿ ಅದರ ಚಹರೆ ಗೊತ್ತಾಯಿತು. ಬೆಳಿಗ್ಗೆ 10ರಿಂದ 12ರವರೆಗೆ ಅಂಕ ಕಡಿಮೆ, 3ರ ನಂತರ ಏಳಕ್ಕೆ ಏರಿಕೆ. ನನಗೆ ಅಚ್ಚರಿಯಾದದ್ದು ಸ್ನಾನ: ನಿಲ್ಲುವುದು, ಕೈ ಎತ್ತುವುದು, ಮೈ ಒರೆಸಿಕೊಳ್ಳುವುದು, ಬಟ್ಟೆ ಹಾಕಿಕೊಳ್ಳುವುದು ಎಲ್ಲ ಸೇರಿ ಎರಡು ಅಂಕ ಏರುತ್ತಿತ್ತು. ಸ್ನಾನವನ್ನು ಸಂಜೆಗೆ ಹಾಕಿ, ಒಳಗೊಂದು ಸ್ಟೂಲ್ ಇಟ್ಟುಕೊಂಡು, ಬೆಳಗಿನ ಆ ಎರಡು ಗಂಟೆಯನ್ನು ಕರಡಿಗೆ ಮೀಸಲಿಟ್ಟೆ. ಅದರಲ್ಲೂ 25 ನಿಮಿಷಕ್ಕೆ ಅಲಾರಂ. ಅದು ಹೊಡೆದಾಗ ಇನ್ನೂ ಶಕ್ತಿಯಿದೆ ಅನ್ನಿಸಿದರೂ ಪೆನ್ನು ಕೆಳಗಿಡಬೇಕು. ವಾಕ್ಯದ ನಡುವೆ ನಿಲ್ಲಿಸುವುದು ನನ್ನ ವೃತ್ತಿಯವರಿಗೆ ಸುಲಭವಲ್ಲ. ಹಗಲು ನಿದ್ದೆಯನ್ನು ಮಧ್ಯಾಹ್ನ 3 ಗಂಟೆಗೆ ಮೊದಲೇ ಮುಗಿಯುವಂತೆ, ಅರ್ಧ ಗಂಟೆಗೆ ಮಿತಿಗೊಳಿಸಿದೆ.

ನಡಿಗೆಯ ಮಾತು ಬಂದಾಗ ನನಗೆ ಸಿಟ್ಟೇ ಬಂದಿತ್ತು. ನಿಲ್ಲಲಾಗದವಳಿಗೆ ನಡೆ ಎನ್ನುತ್ತಾರಲ್ಲ ಎಂದು. ಆದರೆ ಕ್ಯಾನ್ಸರ್ ಸುಸ್ತಿಗೆ ಅತಿ ಗಟ್ಟಿಯಾದ ಪುರಾವೆಯಿರುವ ಉಪಾಯಗಳಲ್ಲಿ ವ್ಯಾಯಾಮವೂ ಒಂದು ಎಂದು ಫಿಸಿಯೋಥೆರಪಿಸ್ಟ್ ಬಿಡದೆ ಒಪ್ಪಿಸಿದರು. ಮೊದಲ ವಾರ ದಿನಕ್ಕೆ ಹತ್ತು ನಿಮಿಷ, ಅದೂ ಐದೈದರಂತೆ. ಪ್ರತಿ ವಾರ ಎರಡು ಮೂರು ನಿಮಿಷ ಸೇರಿಸುತ್ತಾ ಹೋದೆ. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಇದು ವೇಗದ ಅಳತೆ. ಮೂರನೇ ತಿಂಗಳಿಗೆ ವಾರದ ಐದು ದಿನ ಅರ್ಧ ಗಂಟೆ ನಡೆಯುತ್ತಿದ್ದೆ. ನೋಟುಬುಕ್ ಹೇಳಿದ ವಿಚಿತ್ರವೆಂದರೆ, ಹೊರಡಲು ಮನಸ್ಸೇ ಇಲ್ಲದ ದಿನಗಳಲ್ಲೇ ನಡೆದು ಬಂದ ಮೇಲೆ ಅಂಕ ಹೆಚ್ಚು ಇಳಿದಿತ್ತು. ಜ್ವರವಿದ್ದ ಎರಡು ದಿನ ಮಾತ್ರ ಹೋಗಲಿಲ್ಲ. ಭುಜದ ಬಿಗಿತಕ್ಕೆ ಹೇಳಿಕೊಟ್ಟಿದ್ದ ವ್ಯಾಯಾಮಗಳನ್ನು ಬಿಡದೆ ಮಾಡಿದೆ.

ಇಷ್ಟಾದರೂ ಎಂಟನೇ ವಾರದಲ್ಲಿ ಅಂಕ ಆರರಿಂದ ಇಳಿಯಲಿಲ್ಲ. ನೋಟುಬುಕ್ ಹಿಡಿದು ವೈದ್ಯರ ಬಳಿ ಹೋದೆ. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಸರಿಯಿತ್ತು, ಹಿಮೋಗ್ಲೋಬಿನ್ ಮಾತ್ರ ಕಡಿಮೆ, 9.6 ಇತ್ತು; ಕಬ್ಬಿಣಾಂಶದ ಕೊರತೆ. ಅದಕ್ಕೆ ಔಷಧ ಶುರುವಾದ ಮೇಲೆ ತಿಂಗಳೊಳಗೆ ಕಂಡ ವ್ಯತ್ಯಾಸವನ್ನು ನೆನೆದರೆ, ಎಲ್ಲವನ್ನೂ ರೇಡಿಯೇಷನ್ನಿನ ತಲೆಗೆ ಕಟ್ಟಿ ಸುಮ್ಮನಿದ್ದುದಕ್ಕೆ ನನ್ನ ಮೇಲೇ ಬೇಸರವಾಗುತ್ತದೆ. ಕ್ಯಾನ್ಸರ್ ಮರುಕಳಿಸದಿರಲೆಂದು ಕೊಡುವ ಹಾರ್ಮೋನ್ ತಡೆಯ ಮಾತ್ರೆ ಟಾಮಾಕ್ಸಿಫೆನ್ ಶುರುವಾದ ಮೇಲೆ ರಾತ್ರಿ ಬೆವೆತು ಎಚ್ಚರವಾಗುತ್ತಿದ್ದುದನ್ನೂ ಅಂದೇ ಹೇಳಿದೆ. ಒಣಕೆಮ್ಮು, ಉಸಿರಾಟದ ತೊಂದರೆ, ಸಣ್ಣ ಜ್ವರ ಕಾಣಿಸಿದರೆ, ಅದು ಚಿಕಿತ್ಸೆಯಾಗಿ ಕೆಲವು ತಿಂಗಳ ಮೇಲಾದರೂ, ಕಾಯದೆ ಬರಬೇಕು, ಶ್ವಾಸಕೋಶಕ್ಕೆ ಉರಿಯೂತ ತಗಲಿರಬಹುದು ಎಂದರು. ಕೈ ಊದಿಕೊಂಡರೂ ಹಾಗೆಯೇ.

ಮನೆಯವರಿಗೆ ವಿವರಿಸುವುದು ಬೇರೆಯದೇ ಶ್ರಮ. ಕೂದಲು ಉದುರಿರಲಿಲ್ಲ, ಮುಖ ಬಾಡಿರಲಿಲ್ಲ. “ನೋಡೋಕೆ ಚೆನ್ನಾಗೇ ಇದ್ದೀಯಲ್ಲೇ” ಎಂದು ಅಕ್ಕ ಪ್ರೀತಿಯಿಂದಲೇ ಹೇಳಿದ ಮಾತು ನನ್ನನ್ನು ಕಳ್ಳಿಯಂತೆ ಕುಗ್ಗಿಸಿತು. ಕೊನೆಗೆ ನೆರವಾದದ್ದು ಅದೇ ಅಂಕ. “ಅಮ್ಮಾ, ಇವತ್ತು ಎಷ್ಟು?” ಎಂದು ಮಗಳು ಕೇಳುತ್ತಾಳೆ, “ಆರು” ಎಂದರೆ ಹೆಚ್ಚಿನ ಮಾತಿಲ್ಲದೆ ಒಗೆದ ಬಟ್ಟೆಯ ಬಕೆಟ್ಟನ್ನು ತಾನೇ ಎತ್ತಿಕೊಂಡು ಹೋಗುತ್ತಾಳೆ.

ರೇಡಿಯೇಷನ್ ಮುಗಿದು ಈಗ ಒಂಬತ್ತನೇ ತಿಂಗಳು. ಅಂಕ ಹೆಚ್ಚಾಗಿ ಎರಡರ ಆಸುಪಾಸಿನಲ್ಲಿದೆ, ನಿದ್ದೆ ಕೆಟ್ಟ ಮರುದಿನ ನಾಲ್ಕಕ್ಕೆ ಹೋಗುತ್ತದೆ. ಕಳೆದ ವಾರ 300 ಪುಟಗಳ ಒಂದು ಕರಡು ಬಂತು. ಮೊದಲಾದರೆ ದಿನಕ್ಕೆ 50 ಪುಟ ಎನ್ನುತ್ತಿದ್ದೆ. ಈ ಸಲ 20 ಎಂದು ಬರೆದು ಕಳುಹಿಸಿದೆ, ಅವರು ಒಪ್ಪಿದರು.